ಕಾಂತ ಅಲುಗಿದಾಗ ಮಾತ್ರ ಕರೆಂಟು: ವಿದ್ಯುತ್ಕಾಂತೀಯ ಪ್ರೇರಣೆ ಅರ್ಥವಾಗುವ ಹಾಗೆ

ತಾಮ್ರದ ತಂತಿಯ ಸುರುಳಿಯೊಳಗೆ ಬಲವಾದ ಅಯಸ್ಕಾಂತವೊಂದನ್ನು ಇಟ್ಟು ವರ್ಷಗಟ್ಟಲೆ ಕಾದರೂ ಒಂದು ಎಲ್‌ಇಡಿ ಉರಿಯುವಷ್ಟು ವಿದ್ಯುತ್ತು ಬರುವುದಿಲ್ಲ. ಅದೇ ಅಯಸ್ಕಾಂತವನ್ನು ಸುರುಳಿಯೊಳಕ್ಕೆ ಸರಕ್ಕನೆ ಬಿಟ್ಟರೆ ಎಲ್‌ಇಡಿ ಒಂದು ಕ್ಷಣ ಮಿಂಚುತ್ತದೆ. ಪಿಯುಸಿಯಲ್ಲಿ ಫ್ಯಾರಡೆಯ ಸೂತ್ರವನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದವರಲ್ಲೂ ಎಷ್ಟೋ ಮಂದಿಗೆ ಈ ವ್ಯತ್ಯಾಸ ಮನಸ್ಸಿಗೆ ಇಳಿದಿರುವುದಿಲ್ಲ. ಇದೊಂದು ಇಳಿದರೆ ಸಾಕು, ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್, ಅಪಾರ್ಟ್‌ಮೆಂಟಿನ ಬೋರ್‌ವೆಲ್ ಮೋಟಾರು, ಅಡುಗೆಮನೆಯ ಇಂಡಕ್ಷನ್ ಒಲೆ, ಶಾಕ್ ಹೊಡೆದಾಗ ಕರೆಂಟು ಕಡಿಯುವ, ಮೀಟರ್ ಬೋರ್ಡಿನ ಪಕ್ಕದ ಆರ್‌ಸಿಸಿಬಿ, ಇವೆಲ್ಲ ಹೇಗೆ ಕೆಲಸ ಮಾಡುತ್ತವೆ, ಏಕೆ ಕೆಡುತ್ತವೆ ಎಂಬುದು ತಾನಾಗಿ ತಿಳಿಯುತ್ತಾ ಹೋಗುತ್ತದೆ.

ಮೊದಲು ಕಾಂತಕ್ಷೇತ್ರದ ಅಳತೆ

ಕಾಂತಕ್ಷೇತ್ರದ ಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಟೆಸ್ಲಾ ಬಹಳ ದೊಡ್ಡದು. ಆಸ್ಪತ್ರೆಯ ಎಂಆರ್‌ಐ ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದವು. ಫ್ರಿಜ್ ಬಾಗಿಲಿಗೆ ಅಂಟಿಸುವ ಬಿಲ್ಲೆಯದು ಒಂದು ಟೆಸ್ಲಾದ ನೂರನೇ ಒಂದು ಭಾಗದ ಆಸುಪಾಸು. ಭೂಮಿಯ ಕಾಂತಕ್ಷೇತ್ರ ಬೆಂಗಳೂರಿನಲ್ಲಿ ಸುಮಾರು 40 ಮೈಕ್ರೋಟೆಸ್ಲಾ, ಅಂದರೆ ಟೆಸ್ಲಾದ ಹತ್ತು ಲಕ್ಷದಲ್ಲಿ 40 ಭಾಗ. ಕಾಂತೀಯ ಸಮಭಾಜಕ ರೇಖೆ ನಮಗಿಂತ ದಕ್ಷಿಣಕ್ಕೆ, ತಮಿಳುನಾಡಿನ ತುದಿಯ ಹತ್ತಿರ ಹಾದುಹೋಗುವುದರಿಂದ ಇಲ್ಲಿ ಬಲರೇಖೆಗಳು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿಯೇ ಇವೆ. ಹಾಗಾಗಿ ದಿಕ್ಸೂಚಿಯ ಮುಳ್ಳು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಧ್ರುವದ ಕಡೆಯ ದೇಶಗಳಲ್ಲಾದರೆ ಕ್ಷೇತ್ರ ನೆಲದೊಳಕ್ಕೆ ಮೂತಿ ಮಾಡಿರುತ್ತದೆ.

ಇದನ್ನು ಅಳೆಯಲು ಪ್ರಯೋಗಾಲಯ ಬೇಡ. ಮೊಬೈಲಿನೊಳಗೆ ದಿಕ್ಕು ತೋರಿಸಲೆಂದು ಕಾಂತಕ್ಷೇತ್ರದ ಸಂವೇದಕ ಇರುತ್ತದೆ, ಅದರ ಅಳತೆಯನ್ನು ಮೈಕ್ರೋಟೆಸ್ಲಾದಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಸಿಗುತ್ತವೆ. ಮನೆಯೊಳಗೆ ಮಾತ್ರ ಅಳೆಯಬೇಡಿ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಉಕ್ಕಿನ ಬೀರು, ಮೊಬೈಲಿನದೇ ಕವರಿನಲ್ಲಿರುವ ಅಯಸ್ಕಾಂತ, ಎಲ್ಲವೂ ಅಳತೆಯನ್ನು ಕೆಡಿಸುತ್ತವೆ. ಕವರ್ ತೆಗೆದು ಲಾಲ್‌ಬಾಗಿನ ಬಯಲಿನಲ್ಲೋ ಕಬ್ಬನ್ ಪಾರ್ಕಿನ ಹುಲ್ಲುಹಾಸಿನ ನಡುವೆಯೋ ವಾಹನಗಳಿಂದ ದೂರ ನಿಂತು ನೋಡಿದರೆ 40ರ ಆಚೀಚೆ ಬರುತ್ತದೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಈಗಲೇ ಉಪಯೋಗಕ್ಕೆ ಬರುತ್ತದೆ.

1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ಅಲ್ಲಿಯವರೆಗೆ ಕಾಂತವೇ ಬೇರೆ, ವಿದ್ಯುತ್ತೇ ಬೇರೆ ಎಂದು ಎಲ್ಲರೂ ತಿಳಿದಿದ್ದರು. ಉದ್ದನೆಯ ನೇರ ತಂತಿಯಲ್ಲಿ 1 ಆಂಪಿಯರ್ ಹರಿದರೆ ಅದರಿಂದ 1 ಸೆಂಟಿಮೀಟರ್ ದೂರದಲ್ಲಿ ಹುಟ್ಟುವ ಕ್ಷೇತ್ರ 20 ಮೈಕ್ರೋಟೆಸ್ಲಾ. 2 ಆಂಪಿಯರ್ ಹರಿದರೆ 40. ಬೆಂಗಳೂರಿನ ನೆಲದ ಕ್ಷೇತ್ರಕ್ಕೆ ಸರಿಸಮ! ಎರಡೂ ಒಂದಕ್ಕೊಂದು ಲಂಬವಾಗಿದ್ದರೆ ಮುಳ್ಳು ನಡುವೆ, 45 ಡಿಗ್ರಿಗೆ ಬಂದು ನಿಲ್ಲುತ್ತದೆ.

ಮಾಡಿ ನೋಡುವವರು ಒಂದು ವಿಷಯ ಗಮನಿಸಬೇಕು. ತಂತಿಯನ್ನು ಮುಳ್ಳಿನ ಮೇಲೆ ಉತ್ತರ-ದಕ್ಷಿಣವಾಗಿ, ಮುಳ್ಳಿಗೆ ಸಮಾನಾಂತರವಾಗಿ ಹಿಡಿಯಬೇಕು. ಪೂರ್ವ-ಪಶ್ಚಿಮವಾಗಿ ಹಿಡಿದರೆ ತಂತಿಯ ಕ್ಷೇತ್ರವೂ ಉತ್ತರ-ದಕ್ಷಿಣವಾಗಿಯೇ ಬಿದ್ದು, ಮುಳ್ಳು ಅಲುಗದೆ ಇರಬಹುದು. ಶಾಲೆಗಳಲ್ಲಿ ಈ ಪ್ರಯೋಗ ಕೈಕೊಡುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಒಂದೇ ಒಂದು ಪೆನ್ ಸೆಲ್ ಸಾಕು. ತಂತಿಯ ಎರಡು ತುದಿಗಳನ್ನು ಅದಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ತಾಗಿಸಬೇಡಿ, ಅದು ಶಾರ್ಟ್ ಸರ್ಕ್ಯೂಟೇ ಆದ್ದರಿಂದ ಸೆಲ್ಲೂ ತಂತಿಯೂ ಬಿಸಿಯಾಗುತ್ತವೆ.

ಕಬ್ಬಿಣದ ಅಯಸ್ಕಾಂತದಲ್ಲಿ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ, ಆದರೂ ಕ್ಷೇತ್ರ ಇದೆ. ಅಲ್ಲಿ ಕೆಲಸ ಮಾಡುವುದು ಎಲೆಕ್ಟ್ರಾನುಗಳ ಸಹಜ ಕಾಂತಗುಣ. ಕಬ್ಬಿಣ, ನಿಕಲ್, ಕೋಬಾಲ್ಟ್‌ನಂಥ ಕೆಲವೇ ಲೋಹಗಳಲ್ಲಿ ನೆರೆಹೊರೆಯ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ಸಣ್ಣ ಸಣ್ಣ ವಲಯಗಳಾಗಿ ಇರುತ್ತವೆ. ಸಾಮಾನ್ಯ ಮೊಳೆಯಲ್ಲಿ ಈ ವಲಯಗಳು ದಿಕ್ಕುದಿಕ್ಕಿಗೆ ತಿರುಗಿದ್ದು ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತದೆ. ಹೊರಗಿನಿಂದ ಕ್ಷೇತ್ರ ಕೊಟ್ಟಾಗ ಅವು ಸಾಲುಗೂಡುತ್ತವೆ. ಕಾಸಿದರೆ ಸಾಲು ಕೆಡುತ್ತದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದನ್ನೇ ಬಿಡುತ್ತದೆ. ಈಗ ಎಲ್ಲೆಡೆ ಸಿಗುವ ಬೆಳ್ಳಿಬಣ್ಣದ ನಿಯೋಡಿಮಿಯಂ ಬಿಲ್ಲೆಗಳು ಇನ್ನೂ ನಾಜೂಕು. ಸಾಧಾರಣ ದರ್ಜೆಯವು 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಬಲ ಕಳೆದುಕೊಳ್ಳತೊಡಗುತ್ತವೆ. ಅವುಗಳಿಗೆ ನೇರವಾಗಿ ಬೆಸುಗೆ ಹಾಕಲು ಹೋಗುವುದು ದಂಡ.

ಹನ್ನೊಂದು ವರ್ಷ ತೆಗೆದುಕೊಂಡ ಒಂದು ಪ್ರಶ್ನೆ

ಕರೆಂಟಿನಿಂದ ಕಾಂತ ಹುಟ್ಟುವುದಾದರೆ ಕಾಂತದಿಂದ ಕರೆಂಟು ಹುಟ್ಟಬೇಡವೇ? ಅರ್ಸ್ಟೆಡ್ ನಂತರ ಎಲ್ಲರ ತಲೆಯಲ್ಲೂ ಇದ್ದ ಪ್ರಶ್ನೆ ಇದು. ಉತ್ತರ ಸಿಕ್ಕಿದ್ದು 1831ರಲ್ಲಿ. ಆ ವರ್ಷದ ಆಗಸ್ಟ್ 29ರಂದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಮೆತು ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ, ಇನ್ನೊಂದರ ಹತ್ತಿರ ಕಾಂತದ ಮುಳ್ಳು ಇಟ್ಟ. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಹಾರಿ ಮತ್ತೆ ಮೊದಲಿನ ಜಾಗಕ್ಕೆ ಬಂತು. ಬಿಡಿಸಿದಾಗ ಮತ್ತೊಮ್ಮೆ, ಈ ಸಲ ಎದುರು ದಿಕ್ಕಿಗೆ ಹಾರಿತು. ನಡುವೆ ಬ್ಯಾಟರಿ ಎಷ್ಟು ಹೊತ್ತು ಜೋಡಿಸಿಟ್ಟರೂ ಏನೂ ಇಲ್ಲ. ಅಮೆರಿಕದಲ್ಲಿ ಜೋಸೆಫ್ ಹೆನ್ರಿ ಸಹ ಅದೇ ಕಾಲದಲ್ಲಿ ಇದನ್ನೇ ತಾನಾಗಿ ಕಂಡುಕೊಂಡಿದ್ದ.

ಆ ಹನ್ನೊಂದು ವರ್ಷ ಹುಡುಕಿದವರಲ್ಲಿ ಬಹಳ ಮಂದಿಯ ನಿರೀಕ್ಷೆ ಒಂದೇ ಆಗಿತ್ತು: ಸ್ಥಿರವಾದ ಕಾಂತದಿಂದ ಸ್ಥಿರವಾದ ಕರೆಂಟು. ಪ್ರಕೃತಿ ಕೊಡುವುದು ಅದನ್ನಲ್ಲ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರದ ಒಟ್ಟು ಮೊತ್ತಕ್ಕೆ ಫ್ಲಕ್ಸ್ ಎನ್ನುತ್ತಾರೆ, ಅಂದರೆ ಕ್ಷೇತ್ರದ ಬಲ ಗುಣಿಸು ಸುರುಳಿಯ ವಿಸ್ತೀರ್ಣ. ಫ್ಲಕ್ಸ್ ಒಂದು ಸೆಕೆಂಡಿಗೆ ಎಷ್ಟು ಬದಲಾಗುತ್ತದೋ ಅಷ್ಟು ವೋಲ್ಟು ಸುರುಳಿಯ ಪ್ರತಿ ಸುತ್ತಿನಲ್ಲೂ ಹುಟ್ಟುತ್ತದೆ. ಸಾವಿರ ಸುತ್ತಿದ್ದರೆ ಸಾವಿರ ಪಟ್ಟು. ಫ್ಲಕ್ಸ್ ಎಷ್ಟೇ ಇರಲಿ, ಬದಲಾಗದಿದ್ದರೆ ವೋಲ್ಟೇಜು ಸೊನ್ನೆ. ಹೀಗೆ ವೋಲ್ಟೇಜು ಹುಟ್ಟುವುದೇ ವಿದ್ಯುತ್ಕಾಂತೀಯ ಪ್ರೇರಣೆ, ಈ ಲೆಕ್ಕವೇ ಫ್ಯಾರಡೆಯ ನಿಯಮ.

ಕೈಯಾರೆ ಮಾಡಿ ನೋಡಲು

ಓದಿದ್ದಕ್ಕಿಂತ ಸುತ್ತಿ ನೋಡಿದ್ದು ಹೆಚ್ಚು ಕಾಲ ನಿಲ್ಲುತ್ತದೆ, ಖರ್ಚೂ ಹೆಚ್ಚಿಲ್ಲ. ಬೇಕಾದ ಎನಾಮಲ್ ತಂತಿ (ನಿರೋಧಕ ಲೇಪನವಿರುವ ತಾಮ್ರದ ತಂತಿ) ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಎಲ್‌ಇಡಿ, ಅಯಸ್ಕಾಂತಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ತಂತಿ 36 ಗೇಜಿನದು ಕೇಳಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳ್ಳಗೆ, 36 ಎಂದರೆ ಸುಮಾರು 0.19 ಮಿಲಿಮೀಟರ್ ದಪ್ಪ. 50 ಗ್ರಾಂ ಸಾಕು, ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಜೊತೆಗೆ 20 ಮಿಲಿಮೀಟರ್ ಹೊರವ್ಯಾಸದ ಪ್ಲಾಸ್ಟಿಕ್ ಕೊಳವೆ ಒಂದಡಿ, ಅದರೊಳಗೆ ಸಲೀಸಾಗಿ ಜಾರುವ 12 ಮಿಲಿಮೀಟರ್ ವ್ಯಾಸದ ನಿಯೋಡಿಮಿಯಂ ಬಿಲ್ಲೆಗಳು, ಎರಡು ಕೆಂಪು ಎಲ್‌ಇಡಿ. ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿ ಎರಡೂವರೆ ಸೆಂಟಿಮೀಟರ್ ಉದ್ದದ ಕಡ್ಡಿ ಮಾಡಿಕೊಳ್ಳಿ. ಒಂದೇ ತೆಳು ಬಿಲ್ಲೆ ಸಾಲದು, ಅದರ ಉತ್ತರ-ದಕ್ಷಿಣ ಮುಖಗಳು ತೀರಾ ಹತ್ತಿರವಿದ್ದು ಸುರುಳಿಗೆ ಸಿಗುವ ಫ್ಲಕ್ಸ್ ಕಡಿಮೆಯಾಗುತ್ತದೆ.

ಕೊಳವೆಯ ನಡುವೆ ಎರಡು ಸೆಂಟಿಮೀಟರ್ ಅಂತರದಲ್ಲಿ ಎರಡು ರಟ್ಟಿನ ಬಿಲ್ಲೆ ಅಂಟಿಸಿ, ನಡುವಿನ ಜಾಗದಲ್ಲಿ 1000 ಸುತ್ತು ಸುತ್ತಬೇಕು. ಒಂದೇ ದಿಕ್ಕಿಗೆ. ಒಂದು ಪದರಕ್ಕೆ ಸುಮಾರು 90 ಸುತ್ತು ಹಿಡಿಯುತ್ತದೆ, ಹನ್ನೊಂದು ಪದರದಲ್ಲಿ ಮುಗಿಯುತ್ತದೆ. ಒಟ್ಟು ತಂತಿ 70 ಮೀಟರ್, ಅದರ ರೋಧ ಸುಮಾರು 40 ಓಮ್. ಎರಡು ಎಲ್‌ಇಡಿಗಳನ್ನು ಒಂದರ ಉದ್ದ ಕಾಲು ಇನ್ನೊಂದರ ಗಿಡ್ಡ ಕಾಲಿಗೆ ಸೇರುವಂತೆ ತಲೆಕೆಳಗು ಜೋಡಿಸಿ ಸುರುಳಿಯ ಎರಡು ತುದಿಗೆ ಕೊಡಿ. ಆಗ ವಿದ್ಯುತ್ತು ಯಾವ ದಿಕ್ಕಿಗೆ ಹರಿದರೂ ಒಂದಲ್ಲ ಒಂದು ಉರಿಯುತ್ತದೆ.

ಈಗ ಲೆಕ್ಕ. ಇಂಥ ಅಯಸ್ಕಾಂತದ ಕಡ್ಡಿ ಸುರುಳಿಯ ನಡುವೆ ಇರುವಾಗ ಹಾಯುವ ಫ್ಲಕ್ಸ್ ಒಂದು ವೆಬರಿನ (ಫ್ಲಕ್ಸ್ ಅಳೆಯುವ ಮಾನ) ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಕಡ್ಡಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಒಳನುಗ್ಗಿದರೆ ಈ ಫ್ಲಕ್ಸ್ ತುಂಬಲು ಸುಮಾರು 0.02 ಸೆಕೆಂಡು ಹಿಡಿಯುತ್ತದೆ. ಭಾಗಿಸಿದರೆ ಸುತ್ತಿಗೆ 5 ಮಿಲಿವೋಲ್ಟ್. ಸಾವಿರ ಸುತ್ತಿಗೆ 5 ವೋಲ್ಟ್. ಕೆಂಪು ಎಲ್‌ಇಡಿ ಉರಿಯಲು 1.8 ವೋಲ್ಟಿನಷ್ಟು ಬೇಕು, ಆದ್ದರಿಂದ ಚೆನ್ನಾಗಿ ಮಿಂಚುತ್ತದೆ. ತಾಳ್ಮೆ ಸಾಲದೆ 200 ಸುತ್ತಿಗೇ ನಿಲ್ಲಿಸಿದವರಿಗೆ ಸಿಗುವುದು 1 ವೋಲ್ಟ್, ಎಲ್‌ಇಡಿ ಮಂಕಾಗಿಯೂ ಉರಿಯುವುದಿಲ್ಲ. ಕಡಿಮೆ ಉರಿದು ತೋರಿಸುವ ಗುಣ ಎಲ್‌ಇಡಿಗೆ ಆ ಮಟ್ಟದಲ್ಲಿ ಇಲ್ಲವಾದ್ದರಿಂದ ಪ್ರಯೋಗವೇ ತಪ್ಪು ಅನ್ನಿಸಿಬಿಡುತ್ತದೆ.

ಉರಿಯದಿದ್ದರೆ ಮೊದಲು ತಂತಿಯ ತುದಿ ನೋಡಿ. ಎನಾಮಲ್ ಲೇಪನ ಬಣ್ಣದಲ್ಲಿ ತಾಮ್ರದಂತೆಯೇ ಕಾಣುತ್ತದೆ, ಆದರೆ ವಿದ್ಯುತ್ತು ಹಾಯಗೊಡುವುದಿಲ್ಲ. ಉಪ್ಪುಕಾಗದದಿಂದ ಒಂದು ಸೆಂಟಿಮೀಟರ್ ಉದ್ದ ಸುತ್ತಲೂ ಉಜ್ಜಿ, ಮಲ್ಟಿಮೀಟರಿನಲ್ಲಿ 40 ಓಮಿನ ಹತ್ತಿರ ಬರುತ್ತದೆಯೇ ಪರೀಕ್ಷಿಸಿ. ಅದು ಸರಿ ಇದ್ದೂ ಉರಿಯದಿದ್ದರೆ ಸುರುಳಿಯನ್ನು ತೀರಾ ಅಗಲವಾಗಿ ಹರಡಿರಬಹುದು. ಅದೇ ಸಾವಿರ ಸುತ್ತನ್ನು ಹತ್ತು ಸೆಂಟಿಮೀಟರ್ ಉದ್ದಕ್ಕೆ ಸುತ್ತಿದರೆ ಅಯಸ್ಕಾಂತದ ಮುಂದಿನ ತುದಿ ಕೆಲವು ಸುತ್ತುಗಳಲ್ಲಿ ಫ್ಲಕ್ಸ್ ಏರಿಸುತ್ತಿರುವಾಗಲೇ ಹಿಂದಿನ ತುದಿ ಬೇರೆ ಸುತ್ತುಗಳಲ್ಲಿ ಇಳಿಸುತ್ತಿರುತ್ತದೆ. ಒಂದರ ವೋಲ್ಟೇಜು ಇನ್ನೊಂದನ್ನು ಕಳೆಯುತ್ತದೆ. ಇನ್ನು ಡಿಜಿಟಲ್ ಮಲ್ಟಿಮೀಟರಿನಲ್ಲಿ ಈ ವೋಲ್ಟೇಜು ಅಳೆಯಲು ಹೋದರೆ ಏನೇನೋ ಅಂಕಿ ಕಾಣುತ್ತದೆ, ಏಕೆಂದರೆ ಅದು ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಅಳೆಯುತ್ತದೆ, ನಮ್ಮ ಮಿಂಚು ಅಷ್ಟರಲ್ಲಿ ಬಂದು ಹೋಗಿರುತ್ತದೆ. ಮುಳ್ಳಿನ ಹಳೆಯ ಮೀಟರೇ ಇಲ್ಲಿ ವಾಸಿ.

ಕೊಳವೆಯನ್ನು ನೆಟ್ಟಗೆ ಹಿಡಿದು ಮೇಲಿನಿಂದ ಅಯಸ್ಕಾಂತ ಬಿಟ್ಟರೆ, ಅದು ಸುರುಳಿಯನ್ನು ಹೊಕ್ಕಾಗ ಒಂದು ಎಲ್‌ಇಡಿ, ಹೊರಬರುವಾಗ ಇನ್ನೊಂದು ಮಿಂಚುತ್ತದೆ. ಕತ್ತಲೆಯಲ್ಲಿ ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಹಿಡಿದರೆ ಎರಡೂ ಬೇರೆ ಬೇರೆಯಾಗಿ ಸ್ಪಷ್ಟವಾಗಿ ಕಾಣುತ್ತವೆ. ಬೀಳುತ್ತಾ ಬೀಳುತ್ತಾ ವೇಗ ಹೆಚ್ಚುವುದರಿಂದ ಎರಡನೆಯ ಮಿಂಚು ಪ್ರಖರ, ಆದರೆ ಗಿಡ್ಡ. ಏರಿದ ಫ್ಲಕ್ಸ್ ಅಷ್ಟೂ ಇಳಿಯಲೇಬೇಕು. ವೋಲ್ಟೇಜನ್ನು ಕಾಲದೊಡನೆ ಗುಣಿಸಿದ ಮೊತ್ತ ಎರಡು ಸಲಕ್ಕೂ ಒಂದೇ. ಫ್ಯಾರಡೆಯ ನಿಯಮದ ಈ ಮುಖ ನಿಜಕ್ಕೂ ಬಹಳ ಚೆಲುವಾದದ್ದು, ತರಗತಿಗಳಲ್ಲಿ ಇದನ್ನು ಯಾರೂ ತೋರಿಸದೆ ಬಿಡುವುದು ನಷ್ಟ.

ಲೆನ್ಜ್ ಹೇಳಿದ್ದು

ಹುಟ್ಟಿದ ಕರೆಂಟು ಯಾವ ದಿಕ್ಕಿಗೆ ಹರಿಯುತ್ತದೆ? 1834ರಲ್ಲಿ ಹೈನ್ರಿಕ್ ಲೆನ್ಜ್ ಉತ್ತರ ಕೊಟ್ಟ: ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ತಡೆಯುವ ದಿಕ್ಕಿಗೆ. ಅಯಸ್ಕಾಂತ ಒಳಬಂದರೆ ಸುರುಳಿ ಅದನ್ನು ಹೊರತಳ್ಳುತ್ತದೆ, ಹೊರಹೋದರೆ ಹಿಂದಕ್ಕೆಳೆಯುತ್ತದೆ. ಹಾಗಲ್ಲದೆ ಸುರುಳಿಯೇ ಅಯಸ್ಕಾಂತವನ್ನು ಒಳಕ್ಕೆ ಎಳೆದುಕೊಂಡಿದ್ದರೆ, ಒಮ್ಮೆ ತಳ್ಳಿದ್ದು ತಾನೇ ವೇಗ ಪಡೆದು ಪುಕ್ಕಟೆ ವಿದ್ಯುತ್ತು ಕೊಡುತ್ತಲೇ ಇರಬೇಕಿತ್ತು. ಶಕ್ತಿ ಎಲ್ಲಿಂದಲೋ ಬರುವುದಿಲ್ಲ, ತಳ್ಳುವವರ ತೋಳಿನಿಂದ ಬರಬೇಕು. ಹಳೆಯ ಸೈಕಲ್ಲಿನ ಡೈನಮೋ ಚಕ್ರಕ್ಕೆ ತಾಗಿಸಿ ದೀಪ ಹೊತ್ತಿಸಿದಾಗ ಪೆಡಲು ಬಿಗಿಯಾಗುತ್ತಿದ್ದುದರಲ್ಲಿ ರೋಲರಿನ ಉಜ್ಜಾಟದ ಜೊತೆಗೆ ಇದರ ಪಾಲೂ ಇತ್ತು.

ಏಸಿ ಅಳವಡಿಸುವವರ ಹತ್ತಿರ ಸಿಗುವ ತಾಮ್ರದ ಕೊಳವೆಯ ತುಂಡೊಂದರಲ್ಲಿ, ಒಳಗೆ ಸ್ವಲ್ಪವೇ ಸಡಿಲವಾಗಿ ಹಿಡಿಯುವ ನಿಯೋಡಿಮಿಯಂ ಬಿಲ್ಲೆ ಬಿಟ್ಟು ನೋಡಿ. ಒಂದು ಮೀಟರ್ ಎತ್ತರದಿಂದ ಕಲ್ಲು ಬೀಳಲು 0.45 ಸೆಕೆಂಡು ಸಾಕು. ಈ ಬಿಲ್ಲೆ ಅದೇ ದೂರವನ್ನು ಹಲವು ಸೆಕೆಂಡು ತೆಗೆದುಕೊಂಡು ಆರಾಮವಾಗಿ ಇಳಿಯುತ್ತದೆ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಆದರೆ ಕೊಳವೆಯ ಗೋಡೆಯೇ ಒಂದೊಂದು ಸುತ್ತಿನ ಅಸಂಖ್ಯ ಸುರುಳಿಗಳಿದ್ದಂತೆ, ಅದರಲ್ಲಿ ಸುಳಿಸುಳಿಯಾಗಿ ಹರಿಯುವ ಕರೆಂಟು ಬಿಲ್ಲೆಯನ್ನು ತಡೆಯುತ್ತದೆ. ಇದಕ್ಕೆ ಎಡ್ಡಿ ಕರೆಂಟ್ ಎಂದು ಹೆಸರು. ಕೊಳವೆಯನ್ನು ಉದ್ದಕ್ಕೆ ಸೀಳಿಬಿಟ್ಟರೆ ಸುತ್ತು ತುಂಡಾಗಿ ಬಿಲ್ಲೆ ಬೇಗ ಬೀಳುತ್ತದೆ. ಈ ಸೀಳಿನ ಉಪಾಯ ಮುಂದೆ ಟ್ರಾನ್ಸ್‌ಫಾರ್ಮರಿನಲ್ಲಿ ಬರುತ್ತದೆ.

ಏನೂ ಅಲುಗದ ಯಂತ್ರ

ಟ್ರಾನ್ಸ್‌ಫಾರ್ಮರಿನಲ್ಲಿ ಚಲಿಸುವ ಭಾಗವೇ ಇಲ್ಲ. ಅಲ್ಲಿ ಬದಲಾಗುವುದು ಕರೆಂಟು: ನಮ್ಮ ಎಸಿ ಪೂರೈಕೆ ಸೆಕೆಂಡಿಗೆ 50 ಆವರ್ತ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಫ್ಯಾರಡೆಯ ಬಳೆಯಲ್ಲಿ ಬ್ಯಾಟರಿ ಜೋಡಿಸಿ ಬಿಡಿಸಿದ್ದು ಇಲ್ಲಿ ಎಡೆಬಿಡದೆ ನಡೆಯುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಬರುವುದು 11,000 ವೋಲ್ಟ್, ಹೊರಡುವುದು ಫೇಸ್‌ಗಳ ನಡುವೆ 433 ವೋಲ್ಟ್, ಅಂದರೆ ಫೇಸ್‌ನಿಂದ ನ್ಯೂಟ್ರಲ್‌ಗೆ 250. ತಂತಿಯುದ್ದಕ್ಕೂ ಒಂದಿಷ್ಟು ಕಳೆದು ಮನೆಗೆ 230ರ ಸುಮಾರು ತಲುಪುತ್ತದೆ. ಒಳಗಿನ ಸುತ್ತುಗಳ ಅನುಪಾತ 11,000ಕ್ಕೆ 250, ಅಂದರೆ 44ಕ್ಕೆ 1.

ವೋಲ್ಟೇಜು ಏರಿಸಿ ಇಳಿಸುವ ಈ ಗೊಡವೆ ಏಕೆಂದರೆ, ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 100 ಕಿಲೋವ್ಯಾಟನ್ನು 400 ವೋಲ್ಟಿನಲ್ಲಿ ಒಂದು ಜೋಡಿ ತಂತಿಯ ಮೂಲಕ ಕಳಿಸಲು 250 ಆಂಪಿಯರ್ ಬೇಕು, 11,000 ವೋಲ್ಟಿನಲ್ಲಾದರೆ 9 ಆಂಪಿಯರ್ ಚಿಲ್ಲರೆ. ಅದೇ ತಂತಿಯಲ್ಲಿ ನಷ್ಟ ಮೊದಲಿನದರ 750ನೇ ಒಂದು ಭಾಗಕ್ಕಿಂತಲೂ ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತು ಹರಿಸಲು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬರಲು ಸಾಧ್ಯವಾದದ್ದು ಟ್ರಾನ್ಸ್‌ಫಾರ್ಮರ್ ಇದ್ದುದರಿಂದ.

ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಒಳಗಿರುವ ತಿರುಳಿನ ಕಬ್ಬಿಣವೂ ವಾಹಕವೇ, ಅದರಲ್ಲೂ ಎಡ್ಡಿ ಕರೆಂಟ್ ಹುಟ್ಟುತ್ತದೆ. ಇಡೀ ಗಟ್ಟಿಯಾಗಿ ಎರಕ ಹೊಯ್ದರೆ ತಿರುಳೇ ಕಾದು ಸುತ್ತು ಸುಟ್ಟುಹೋಗುತ್ತದೆ. ಅದಕ್ಕೇ 0.3 ಮಿಲಿಮೀಟರಿನ ಆಸುಪಾಸು ದಪ್ಪದ ಸಿಲಿಕಾನ್ ಉಕ್ಕಿನ ಹಾಳೆಗಳನ್ನು, ನಡುವೆ ನಿರೋಧಕ ಲೇಪನ ಕೊಟ್ಟು ಒಟ್ಟುತ್ತಾರೆ. ಹಾಳೆಯ ದಪ್ಪ ಅರ್ಧಕ್ಕಿಳಿದರೆ ಈ ನಷ್ಟ ಕಾಲುಭಾಗಕ್ಕಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವುದೂ ಈ ಹಾಳೆಗಳಿಂದಲೇ. ಕಾಂತೀಯಗೊಂಡಾಗ ಉಕ್ಕು ಎಳ್ಳಷ್ಟು ಹಿಗ್ಗಿ ಕುಗ್ಗುತ್ತದೆ, ಉತ್ತರವಾದರೂ ದಕ್ಷಿಣವಾದರೂ ಹಿಗ್ಗುವಿಕೆ ಒಂದೇ ಆದ್ದರಿಂದ ಸದ್ದು 50ರದ್ದಲ್ಲ, 100 ಹರ್ಟ್ಜ್‌ನದು.

ಟ್ರಾನ್ಸ್‌ಫಾರ್ಮರಿಗೆ ಡಿಸಿ, ಅಂದರೆ ದಿಕ್ಕು ಬದಲಿಸದ ಕರೆಂಟು, ಕೊಟ್ಟರೆ ಏನಾಗುತ್ತದೆ ಎಂಬುದು ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ. ಬದಲಾವಣೆ ಇಲ್ಲ, ಹಾಗಾಗಿ ಆಚೆ ಬದಿಯಲ್ಲಿ ಏನೂ ಬರುವುದಿಲ್ಲ ಎನ್ನುವುದು ಅರ್ಧ ಉತ್ತರ. ಈಚೆ ಬದಿಯಲ್ಲಿ ಕರೆಂಟಿಗೆ ಕಡಿವಾಣ ಹಾಕುತ್ತಿದ್ದದ್ದೂ ಪ್ರೇರಿತ ವೋಲ್ಟೇಜೇ. ಅದು ಹೋದರೆ ಉಳಿಯುವುದು ತಂತಿಯ ರೋಧ ಮಾತ್ರ. 12 ವೋಲ್ಟ್, 1 ಆಂಪಿಯರಿನ ಚಿಕ್ಕ ಟ್ರಾನ್ಸ್‌ಫಾರ್ಮರಿನ ಪ್ರಾಥಮಿಕ ಸುತ್ತಿನ, ಅಂದರೆ ವಿದ್ಯುತ್ತು ಒಳಬರುವ ಬದಿಯ ಸುತ್ತಿನ ರೋಧ 150 ಓಮ್ ಇದೆ ಎನ್ನೋಣ. ಎಸಿಯಲ್ಲಿ ಪೂರ್ತಿ ಹೊರೆ ಇದ್ದರೂ ಎಳೆಯುವುದು 0.05 ಆಂಪಿಯರಿಗಿಂತ ಸ್ವಲ್ಪ ಹೆಚ್ಚು. 230 ವೋಲ್ಟಿನ ಡಿಸಿ ಕೊಟ್ಟರೆ ಒಂದೂವರೆ ಆಂಪಿಯರ್. ಮುಷ್ಟಿಗಾತ್ರದ ವಸ್ತುವಿನಲ್ಲಿ 350 ವ್ಯಾಟ್ ಶಾಖ! ನಿಮಿಷಗಳಲ್ಲಿ ಹೊಗೆ.

ಬೋರ್‌ವೆಲ್ ಮೋಟಾರು ಏಕೆ ಸುಡುತ್ತದೆ

ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಬೇಸಿಗೆ ಬಂದರೆ ಬೆಂಗಳೂರಿನ ವೈಂಡಿಂಗ್ ಅಂಗಡಿಗಳಿಗೆ ಇದೇ ಕೆಲಸ.

ಬೋರ್‌ವೆಲ್ಲಿನ ನೀರಿನಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರು ಇಂಡಕ್ಷನ್ ಮೋಟಾರು. ಹೊರಗಿನ, ತಿರುಗದ ಭಾಗವಾದ ಸ್ಟೇಟರಿನ ಸುತ್ತುಗಳಿಗೆ ವಿದ್ಯುತ್ತು ಕೊಟ್ಟಾಗ ಅವುಗಳ ಕಾಂತಕ್ಷೇತ್ರ ಗಿರಗಿರನೆ ತಿರುಗುತ್ತದೆ, 50 ಹರ್ಟ್ಜ್‌ನಲ್ಲಿ ಎರಡು ಧ್ರುವದ ಮೋಟಾರಾದರೆ ನಿಮಿಷಕ್ಕೆ 3000 ಸುತ್ತು. ಒಳಗಿನ, ತಿರುಗುವ ಭಾಗವಾದ ರೋಟರಿಗೆ ಹೊರಗಿನಿಂದ ಯಾವ ತಂತಿಯೂ ಹೋಗುವುದಿಲ್ಲ. ಅದರ ತಾಮ್ರದ ಅಥವಾ ಅಲ್ಯೂಮಿನಿಯಂ ಸರಳುಗಳನ್ನು ಈ ತಿರುಗುವ ಕ್ಷೇತ್ರ ಕತ್ತರಿಸುತ್ತಾ ಹೋಗಿ ಅವುಗಳಲ್ಲಿ ಕರೆಂಟು ಹುಟ್ಟಿಸುತ್ತದೆ. ಲೆನ್ಜ್ ನಿಯಮದಂತೆ ರೋಟರು ಆ ಬದಲಾವಣೆಯನ್ನು ಕಡಿಮೆ ಮಾಡಲು ನೋಡುತ್ತದೆ, ಅಂದರೆ ಕ್ಷೇತ್ರದ ಹಿಂದೆ ಓಡುತ್ತದೆ. ಆದರೆ ಎಂದೂ ಹಿಡಿಯುವುದಿಲ್ಲ. ಹಿಡಿದರೆ ರೋಟರಿನ ಕಣ್ಣಿಗೆ ಕ್ಷೇತ್ರ ನಿಂತಂತೆ, ಬದಲಾವಣೆ ಇಲ್ಲ, ಕರೆಂಟಿಲ್ಲ, ತಿರುಚುಬಲವೂ ಇಲ್ಲ. ಆದ್ದರಿಂದಲೇ ಮೋಟಾರಿನ ಫಲಕದ ಮೇಲೆ 3000 ಎಂದಿರುವುದಿಲ್ಲ, 2850, 2880 ಎಂಬಂಥ ಸಂಖ್ಯೆ ಇರುತ್ತದೆ. ಆ ನೂರಿನ್ನೂರು ಸುತ್ತಿನ ಹಿಂದುಳಿಯುವಿಕೆಗೆ ಸ್ಲಿಪ್ ಎನ್ನುತ್ತಾರೆ. ಮೋಟಾರು ಕೆಲಸ ಮಾಡುವುದು ಅದರಿಂದಲೇ.

ರೋಟರು ನಿಂತಿರುವಾಗ ಸ್ಲಿಪ್ ಪೂರ್ತಿ, ರೋಟರಿನ ಕರೆಂಟೂ ಹಾಗೆಯೇ. ಹೀಗಾಗಿ ಚಾಲೂ ಮಾಡಿದ ಕ್ಷಣ ಮೋಟಾರು ಮಾಮೂಲಿಗಿಂತ ಐದರಿಂದ ಏಳು ಪಟ್ಟು ಕರೆಂಟು ಎಳೆಯುತ್ತದೆ, ವೇಗ ಹತ್ತಿದಂತೆ ಇಳಿಯುತ್ತದೆ. ಮರಳು ತುಂಬಿ ಪಂಪು ಸಿಕ್ಕಿಹಾಕಿಕೊಂಡರೆ ಈ ಇಳಿಯುವುದು ನಡೆಯುವುದೇ ಇಲ್ಲ.

ವೋಲ್ಟೇಜು ಕಡಿಮೆಯಾದರೆ ಕರೆಂಟೂ ಕಡಿಮೆಯಾಗುತ್ತದಲ್ಲ, ಮೋಟಾರಿಗೇನು ತೊಂದರೆ ಎಂದು ಕೇಳುವವರಿದ್ದಾರೆ. ಬಲ್ಬಿಗೆ ಆ ಲೆಕ್ಕ ಸರಿ. ಮೋಟಾರಿನಲ್ಲಿ ತಿರುಚುಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಉಳಿಯುವ ಬಲ ನೂರಕ್ಕೆ 61 ಮಾತ್ರ. ಆದರೆ ನೂರಾರು ಅಡಿ ಆಳದಿಂದ ನೀರೆತ್ತುವ ಹೊರೆ ಹಾಗೇ ಇದೆ. ರೋಟರು ನಿಧಾನವಾಗುತ್ತದೆ, ಸ್ಲಿಪ್ ಹೆಚ್ಚುತ್ತದೆ, ರೋಟರಿನ ಕರೆಂಟು ಏರುತ್ತದೆ, ಅದಕ್ಕೆ ಹೊಂದಿ ಸ್ಟೇಟರಿನದೂ ಏರುತ್ತದೆ. ಸುತ್ತಿನ ಶಾಖ ಕರೆಂಟಿನ ವರ್ಗದಷ್ಟು. ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ಹೋದಾಗಲೂ ಹೀಗೇ, ಉಳಿದೆರಡರಲ್ಲಿ ಕರೆಂಟು ಸುಮಾರು 1.7 ಪಟ್ಟಾಗುತ್ತದೆ. ಬೋರ್ ಬತ್ತಿ ನೀರಿಲ್ಲದೆ ಓಡಿದರೆ ಕಥೆ ಬೇರೆ. ಆಗ ಹೊರೆ ಕಡಿಮೆ, ಕರೆಂಟೂ ಕಡಿಮೆ, ಆದರೆ ಮೋಟಾರನ್ನು ತಂಪಾಗಿಡುತ್ತಿದ್ದ ನೀರೇ ಇಲ್ಲ. ಕರೆಂಟು ಮಿತಿ ಮೀರಿದಾಗ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಇದನ್ನು ಹಿಡಿಯಲಾರದು, ಡ್ರೈ ರನ್ ರಕ್ಷಣೆ ಬೇರೆಯೇ ಬೇಕು.

ಸ್ಟಾರ್ಟರ್ ಪ್ಯಾನೆಲ್ಲಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರಿಗೆ ಸರಿಯಾಗಿ ಕೂರಿಸಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ತಿರುಪನ್ನು ಮೇಲಕ್ಕೆ ತಿರುಗಿಸಿಡುವ ಅಭ್ಯಾಸ ಎಷ್ಟೋ ಕಟ್ಟಡಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ. ರಿಲೇ ಟ್ರಿಪ್ ಆಗುತ್ತಿದೆ ಎಂದರೆ ಕೆಳಗೆ ಮೋಟಾರು ಬಿಸಿಯೇರುತ್ತಿದೆ ಎಂದೇ ಅರ್ಥ, ಮೊದಲು ವೋಲ್ಟೇಜು, ಮೂರೂ ಫೇಸಿನ ಕರೆಂಟು ಅಳೆಯಿರಿ.

ಸೀಲಿಂಗ್ ಫ್ಯಾನು ಇದೇ ಮೋಟಾರಿನ ಒಳಹೊರಗಾದ ರೂಪ, ನಡುವೆ ಸ್ಟೇಟರ್, ಸುತ್ತ ರೋಟರ್. ಒಂದೇ ಫೇಸಿನಿಂದ ತಿರುಗುವ ಕ್ಷೇತ್ರ ಹುಟ್ಟುವುದಿಲ್ಲವಾದ್ದರಿಂದ ಎರಡನೆಯ ಸುತ್ತಿಗೆ ಕೆಪಾಸಿಟರ್ ಮೂಲಕ ಕರೆಂಟು ಕೊಡುತ್ತಾರೆ. ಫ್ಯಾನು ಮಂಕಾಗಿ ತಿರುಗುತ್ತಿದ್ದರೆ ಮೊದಲ ಅನುಮಾನ ಆ 2.5 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೇಲೇ ಇರಲಿ. ನಮ್ಮ ಮೆಟ್ರೋ ರೈಲು ಬ್ರೇಕು ಹಾಕುವಾಗ ಇಂಡಕ್ಷನ್ ಮೋಟಾರುಗಳ ರೋಟರು ಕ್ಷೇತ್ರಕ್ಕಿಂತ ಮುಂದೆ ಓಡುವಂತೆ ಕ್ಷೇತ್ರದ ವೇಗವನ್ನು ತಗ್ಗಿಸುತ್ತಾರೆ. ಸ್ಲಿಪ್ ತಲೆಕೆಳಗಾಗಿ ಮೋಟಾರೇ ಜನರೇಟರ್ ಆಗುತ್ತದೆ, ಆ ಶಕ್ತಿ 750 ವೋಲ್ಟಿನ ಮೂರನೇ ಹಳಿಗೆ ಮರಳುತ್ತದೆ.

ಇಂಡಕ್ಷನ್ ಒಲೆ

ಟ್ರಾನ್ಸ್‌ಫಾರ್ಮರಿನಲ್ಲಿ ಬೇಡವೆಂದು ಹಾಳೆ ಹಾಳೆಯಾಗಿ ಸೀಳಿ ತಡೆದ ಎಡ್ಡಿ ಕರೆಂಟೇ ಇಲ್ಲಿ ಅಡುಗೆ ಮಾಡುತ್ತದೆ. ಗಾಜಿನ ಕೆಳಗಿನ ಸುರುಳಿಗೆ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಆವರ್ತದ ಕರೆಂಟು ಕೊಡುತ್ತಾರೆ. 25,000 ಆವರ್ತದಲ್ಲಿ ಕಾಂತಕ್ಕೆ ಅಂಟುವ ಉಕ್ಕಿನ ತಳದಲ್ಲಿ ಕರೆಂಟು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳು ಪದರದಲ್ಲಿ ಇಕ್ಕಟ್ಟಾಗಿ ಹರಿಯುತ್ತದೆ, ಅಲ್ಯೂಮಿನಿಯಂನಲ್ಲಿ ಅರ್ಧ ಮಿಲಿಮೀಟರಿನಷ್ಟು ಆಳದವರೆಗೆ ಹರಡುತ್ತದೆ. ಉಕ್ಕಿನ ರೋಧವೂ ಹೆಚ್ಚು, ಹರಿಯುವ ದಾರಿಯೂ ಕಿರಿದು. ಎರಡೂ ಸೇರಿ ಅಲ್ಯೂಮಿನಿಯಂಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ರೋಧ ಎದುರಾಗಿ ತಳ ಕಾಯುತ್ತದೆ. ಪಾತ್ರೆ ಕೊಳ್ಳುವ ಮುನ್ನ ಫ್ರಿಜ್ಜಿನ ಅಯಸ್ಕಾಂತವನ್ನು ತಳಕ್ಕೆ ಹಿಡಿದು ನೋಡಿ. ಸ್ಟೀಲಾದರೆ ಸಾಕೆಂದಲ್ಲ, ನಮ್ಮ ಮನೆಗಳ 304 ದರ್ಜೆಯ ಸ್ಟೀಲಿಗೆ ಕಾಂತ ಅಂಟುವುದಿಲ್ಲ, 430 ದರ್ಜೆಯದಕ್ಕೆ ಅಂಟುತ್ತದೆ.

ಮೂವತ್ತು ಮಿಲಿಆಂಪಿಯರ್

ಮೀಟರ್ ಬೋರ್ಡಿನ ಪಕ್ಕದ ಆರ್‌ಸಿಸಿಬಿಯೊಳಗೆ ಒಂದು ಕಾಂತೀಯ ಬಳೆ ಇದೆ. ಮನೆಗೆ ಹೋಗುವ ಫೇಸ್ ತಂತಿ, ಮರಳುವ ನ್ಯೂಟ್ರಲ್ ತಂತಿ ಎರಡೂ ಅದರ ಮೂಲಕವೇ ಹಾಯುತ್ತವೆ. ಹೋದಷ್ಟೇ ಕರೆಂಟು ಮರಳಿದರೆ ಎರಡರ ಕಾಂತಕ್ಷೇತ್ರಗಳೂ ಒಂದನ್ನೊಂದು ಪೂರ್ತಿ ಅಳಿಸುತ್ತವೆ, ಗೀಸರು ಉರಿದು 10 ಆಂಪಿಯರ್ ಹರಿಯುತ್ತಿದ್ದರೂ ಬಳೆಯಲ್ಲಿ ಫ್ಲಕ್ಸ್ ಇಲ್ಲ. ಯಾರಾದರೂ ಫೇಸ್ ಮುಟ್ಟಿ ಅವರ ಮೈ ಮೂಲಕ 30 ಮಿಲಿಆಂಪಿಯರ್ ನೆಲಕ್ಕೆ ಹರಿದರೆ ಮರಳುವುದು ಅಷ್ಟು ಕಡಿಮೆ. ಆ ವ್ಯತ್ಯಾಸ ಬಳೆಯಲ್ಲಿ ಏರಿಳಿಯುವ ಫ್ಲಕ್ಸ್ ಹುಟ್ಟಿಸಿ, ಬಳೆಗೆ ಸುತ್ತಿದ ಮೂರನೆಯ ಸುರುಳಿಯಲ್ಲಿ ವೋಲ್ಟೇಜು ಪ್ರೇರಿಸಿ, ಸ್ವಿಚ್ಚನ್ನು ಸಿಡಿಸುತ್ತದೆ. 30 ಮಿಲಿಆಂಪಿಯರಿಗೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ. ಎಂಸಿಬಿ ಈ ಕೆಲಸ ಮಾಡುವುದಿಲ್ಲ, ಅದಕ್ಕೆ ಹತ್ತಾರು ಆಂಪಿಯರ್ ಹರಿದರೇನೇ ಎಚ್ಚರ.

ಇದರ ಮಿತಿಯೂ ಇದೇ ತತ್ವದಿಂದ ತಿಳಿಯುತ್ತದೆ. ಮರದ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹೋದದ್ದೆಲ್ಲ ಮರಳುತ್ತದೆ, ಆರ್‌ಸಿಸಿಬಿಗೆ ಏನೂ ಗೊತ್ತಾಗುವುದಿಲ್ಲ.

ಯುಪಿಎಸ್ ಹಾಕಿಸಿದ ಮೇಲೆ ಕಾರಣವಿಲ್ಲದೆ ಟ್ರಿಪ್ ಆಗುತ್ತದೆ ಎಂಬ ದೂರಿನ ಮೂಲವೂ ಸಾಮಾನ್ಯವಾಗಿ ಇಲ್ಲೇ. ಆರ್‌ಸಿಸಿಬಿಯ ಮುಂದಿನ ಫೇಸಿನಿಂದ ಹೊರಟ ಕರೆಂಟು, ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಹಿಡಿದು ಬಳೆಯನ್ನು ತಪ್ಪಿಸಿ ಮರಳುತ್ತಿರುತ್ತದೆ. ಸೋರಿಕೆ ಇಲ್ಲ, ಆದರೂ ಬಳೆಯ ಲೆಕ್ಕ ಕೂಡುವುದಿಲ್ಲ. ಆರ್‌ಸಿಸಿಬಿಯನ್ನೇ ತೆಗೆದುಹಾಕುವುದು ಪರಿಹಾರವಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ ನ್ಯೂಟ್ರಲ್‌ಗಳನ್ನು ಬೇರ್ಪಡಿಸಿಸಬೇಕು. ಸೋರಿಕೆ ನಿಜವಾಗಿಯೂ ಇದೆಯೇ ಎಂದು ನೋಡಲು ಮಿಲಿಆಂಪಿಯರ್ ಅಳೆಯಬಲ್ಲ ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಸೊನ್ನೆ ಬಂದರೆ ಸರಿ. ಒಂದೊಂದೇ ಸರ್ಕ್ಯೂಟಿನ ಎಂಸಿಬಿ ಆರಿಸುತ್ತಾ ಹೋದರೆ ಯಾವುದು ಆರಿದಾಗ ಅಂಕಿ ಬೀಳುತ್ತದೋ ತಪ್ಪು ಆ ಸಾಲಿನಲ್ಲಿದೆ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿ ಮಾಡುವುದೂ ಬಳೆಯನ್ನು ತಪ್ಪಿಸಿ ಒಂದಿಷ್ಟು ಕರೆಂಟು ಹರಿಸುವ ಕೆಲಸವನ್ನೇ. ತಿಂಗಳಿಗೊಮ್ಮೆ ಒತ್ತಿ, ಸಿಡಿಯದಿದ್ದರೆ ಅಂದೇ ಬದಲಾಯಿಸಿ.